ಬೀರಿನ ಹೆಪ್ಪು

ಹಾಲಿಗೆ ಹೆಪ್ಪು ಹಾಕದ ಮನೆ ನಮ್ಮ ನಾಡಿನಲ್ಲಿ ಅಪರೂಪ. ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರನ್ನು ಬಿಟ್ಟು ಮುಚ್ಚಿಡುವ ಗೃಹಿಣಿಯು, ಬೆಳಿಗ್ಗೆ ಪಾತ್ರೆಯನ್ನು ಕೊಂಚ ಓರೆಮಾಡಿ ನೋಡಿದ ಮಾತ್ರಕ್ಕೆ ಅದರ ಗುಣವನ್ನು ಹೇಳಬಲ್ಲಳು. ನೀರೊಡೆದಿದೆಯೆ, ಲೋಳೆಯಾಗಿದೆಯೆ, ಹುಳಿ ಮೀರಿದೆಯೆ ಎಂಬುದು ಆಕೆಯ ಕಣ್ಣಿಗೂ ಮೂಗಿಗೂ ಒಟ್ಟಿಗೇ ತಿಳಿಯುವುದು. ಹೆಪ್ಪು ಕೆಟ್ಟರೆ ಆಕೆಗೆ ನಷ್ಟವಾಗುವುದು ಒಂದು ಪಾತ್ರೆ ಹಾಲು ಮಾತ್ರ. ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲಿಯೇ ಬೀರನ್ನು ಹುದುಗಿಸಿಕೊಳ್ಳುವ ಗೃಹಸ್ಥನ ಪಾಡು ಇದಕ್ಕಿಂತ ಕಠಿನವಾದುದು. ಆತನು ಇಡೀ ಒಂದು ದಿವಸ ದುಡಿದು, ಮೊಳೆಯಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಸೋಸಿ, ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಯಿಸಿ, ಆರಿಸಿ, ಸುಮಾರು ೨೦ ಲೀಟರು ಸಿಹಿಗಷಾಯವನ್ನು ಸಿದ್ಧಪಡಿಸಿರುತ್ತಾನೆ. ಅದಕ್ಕೆ ಹಾಕುವ ಹೆಪ್ಪು ಸತ್ತಿದ್ದರೆ ಅದು ಗೊತ್ತಾಗುವುದು ಎರಡು ಮೂರು ದಿನಗಳ ಮೇಲೆ. ಮಲಿನವಾಗಿದ್ದರೆ ಕೆಲವು ವೇಳೆ ಎರಡು ಮೂರು ವಾರಗಳ ಮೇಲೆ. ಆಗ ಉಳಿದಿರುವ ಕೆಲಸವೊಂದೇ, ಎಲ್ಲವನ್ನೂ ಬಚ್ಚಲಿಗೆ ಸುರಿಯುವುದು. ಆದಕಾರಣ ಬಲ್ಲವರು ದೊಡ್ಡ ಪಾತ್ರೆಯನ್ನು ಹೆಪ್ಪಿನ ವಶಕ್ಕೆ ಒಪ್ಪಿಸುವ ಮೊದಲು, ಅದಕ್ಕೆ ಒಂದು ಚಿಕ್ಕ ಪಾತ್ರೆಯನ್ನು ಕೊಟ್ಟು ಅದರ ಯೋಗ್ಯತೆಯನ್ನು ನೋಡಿಕೊಳ್ಳುತ್ತಾರೆ. ಆಂಗ್ಲರು ಇದನ್ನು ಸ್ಟಾರ್ಟರ್ ಎನ್ನುವರು. ನಮ್ಮ ಭಾಷೆಯಲ್ಲಿ ಹೆಪ್ಪು ಎಂಬ ಮಾತು ಇರುವಾಗ ನಮಗೆ ಬೇರೆ ಹೆಸರು ಬೇಕಾಗಿಲ್ಲ. ಈ ಚಿಕ್ಕ ಪಾತ್ರೆಯೇ ಈ ಲೇಖನದ ವಿಷಯ.

ವಿಷಯಕ್ಕೆ ಕೈಯಿಕ್ಕುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಇದನ್ನು ಓದಿ ನಮ್ಮ ವಾಚಕರಲ್ಲಿ ಯಾರೂ ಒಲೆಯ ಮೇಲೆ ಬಾರ್ಲಿಯನ್ನು ಏರಿಸತಕ್ಕದ್ದಲ್ಲ. ೧೯೬೫ರ ಕರ್ನಾಟಕ ಅಬಕಾರಿ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ನಾವು ಹೇಳುವುದು ಆ ಕೆಲಸಕ್ಕೆ ಅನುಮತಿಯುಳ್ಳ ದೇಶಗಳ ಮಾತು. ಇಂಗ್ಲೆಂಡಿನಲ್ಲಿಯೂ ಮನೆಯಲ್ಲಿ ಬೀರು ಮಾಡುವವನು ೧೯೬೩ರವರೆಗೆ ಪರವಾನಗಿ ಪಡೆಯಬೇಕಾಗಿತ್ತು. ಆ ವರ್ಷದ ಆಯವ್ಯಯದಲ್ಲಿ ಅರ್ಥಸಚಿವರಾಗಿದ್ದ ರೆಜಿನಾಲ್ಡ್ ಮಾಡ್ಲಿಂಗರು ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಸಹಿ ಹಾಕಿದ ಶಾಸನವು ಮರುವರ್ಷ ಜಾರಿಗೆ ಬಂದು, ವಯಸ್ಕರಿಬ್ಬರುಳ್ಳ ಮನೆಗೆ ವರ್ಷಕ್ಕೆ ೨೦೦ ಗ್ಯಾಲನ್ನುಗಳವರೆಗೆ, ಮಾರುವುದಕ್ಕಲ್ಲದೆ ಸ್ವಂತ ಉಪಯೋಗಕ್ಕೆ, ಮಾಡಿಕೊಳ್ಳಬಹುದೆಂದು ವಿಧಿಸಿತು. ಆದರೂ ಅಲಬಾಮ ಮತ್ತು ಮಿಸಿಸಿಪಿ ಸಂಸ್ಥಾನಗಳು ಅದಕ್ಕೆ ಒಪ್ಪಿದುದು ೨೦೧೩ರಲ್ಲಿ.

ಗೃಹಸ್ಥನಿಗೆ ಇಂತಹ ಅನುಮತಿಯನ್ನು ಕೊಡುವ ಪದ್ಧತಿ ಪಾಶ್ಚಾತ್ಯರ ಹೊಸ ಕಲ್ಪನೆಯೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ವಿಚಾರವಾಗಿ ಒಂದು ಅಧ್ಯಾಯವುಂಟು. ಕುಟುಂಬಿಗಳು ವಿಶೇಷ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದು ಅಲ್ಲಿ ಹೇಳಿದೆ. ಅದೇ ಅಧ್ಯಾಯದಲ್ಲಿ ಕಿಣ್ವವನ್ನು ಕಟ್ಟುವ ವಿಧಾನವೂ ಇದೆ: ರುಬ್ಬಿದ ಉದ್ದು, ಅದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚಾಗಿ ಅಕ್ಕಿ, ಜೊತೆಗೆ ಕೆಲವು ಮೂಲಿಕೆಗಳು. ಉದ್ದು ಅಕ್ಕಿ ಎಂದೊಡನೆ ನಮ್ಮ ವಾಚಕರಿಗೆ ದೋಸೆಯ ನೆನಪಾಗದಿರದು. ಇಂದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಕಿಣ್ವವೆಂದರೆ ಎನ್‌ಜೈಮು. ಕೌಟಿಲ್ಯನ ಕಾಲದಲ್ಲಿ ಅದು ಸುರೆಯ ಹೆಪ್ಪು.

ಮೊಸರಿನ ಹೆಪ್ಪಿಗೂ ಬೀರಿನ ಹೆಪ್ಪಿಗೂ ಇರುವ ಭೇದವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಹಾಲನ್ನು ಮೊಸರಾಗಿಸುವುದೂ ಇಡ್ಲಿಯ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದೂ ಬ್ಯಾಕ್ಟೀರಿಯಗಳೆಂಬ ಅತಿ ಸಣ್ಣ ಜೀವಿಗಳು. ಬೀರನ್ನು ಮಾಡುವುದು ಯೀಸ್ಟು. ಅದು ಅಣಬೆಯ ಬಳಗಕ್ಕೆ ಸೇರಿದುದು, ಬ್ಯಾಕ್ಟೀರಿಯಕ್ಕಿಂತ ಹಲವು ಪಾಲು ದೊಡ್ಡದು. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಸಣ್ಣ ಎಂಬ ತಿಂಡಿಯ ಹಿಟ್ಟಿಗೆ ಕಳ್ಳನ್ನು ಬೆರೆಸುವುದುಂಟಷ್ಟೆ. ಅಲ್ಲಿ ಹಿಟ್ಟನ್ನು ಎತ್ತುವುದು ಕಳ್ಳಿನಲ್ಲಿರುವ ಯೀಸ್ಟೇ. ಈ ಜೀವಿಯು ಸಕ್ಕರೆಯನ್ನು ತಿಂದು ಇಂಗಾಲಾಮ್ಲವಾಯುವನ್ನೂ ಮದ್ಯಸಾರವನ್ನೂ ಬಿಡುತ್ತದೆ. ಇಷ್ಟನ್ನು ಕಂಡುಕೊಳ್ಳಲು ಯೂರೋಪಿನ ಪಂಡಿತರಿಗೆ ಬಹುಕಾಲ ಹಿಡಿಯಿತು. ಬವೇರಿಯದ ೧೫೧೬ರ ಪ್ರಸಿದ್ಧವಾದ ಬೀರಿನ ಶಾಸನವು ಬಾರ್ಲಿ, ಹಾಪ್ಸ್, ನೀರು ಎಂಬ ಮೂರನ್ನೇ ಹೇಳಿ ಯೀಸ್ಟಿನ ಹೆಸರನ್ನೇ ಎತ್ತುವುದಿಲ್ಲ. ೧೬೮೦ರಲ್ಲಿ ಹಾಲೆಂಡಿನ ಲೀವೆನ್‌ಹುಕ್ ತನ್ನ ಗಾಜಿನ ಮಣಿಯಡಿಯಲ್ಲಿ ಅದರ ಗುಂಡಾದ ಕಣಗಳನ್ನು ಕಂಡರೂ ಅವು ಜೀವಿಗಳೆಂದು ಹೇಳಲಿಲ್ಲ. ೧೮೩೭ರ ಸುಮಾರಿಗೆ ಫ್ರಾನ್ಸಿನಲ್ಲೊಬ್ಬರು, ಜರ್ಮನಿಯಲ್ಲಿಬ್ಬರು, ಯೀಸ್ಟು ಜೀವವುಳ್ಳದ್ದೆಂದು ಸಾರಿದಾಗ, ರಸಾಯನ ಪಂಡಿತರಾದ ಲೀಬಿಗ್ ಮತ್ತು ವೋಲರ್ ಅವರು ೧೮೩೯ರಲ್ಲಿ ತಮ್ಮ ಪತ್ರಿಕೆಯಲ್ಲಿ ಹೆಸರು ಹಾಕದೆ ಒಂದು ಪರಿಹಾಸದ ಲೇಖನವನ್ನು ಅಚ್ಚುಹಾಕಿಸಿದರು. ಯೀಸ್ಟಿನ ಪ್ರಾಣಿಯು ಬಟ್ಟಿಯ ಪಾತ್ರೆಯ ಆಕಾರದಲ್ಲಿದ್ದು, ಸಕ್ಕರೆಯನ್ನು ನುಂಗಿ ಮದ್ಯವನ್ನು ವಿಸರ್ಜಿಸುವುದೆಂದು ಅದರಲ್ಲಿ ವರ್ಣನೆ. ಆಕಾರವೊಂದನ್ನು ಬಿಟ್ಟರೆ ಆ ಪರಿಹಾಸವು ಸತ್ಯಕ್ಕೆ ಬಹು ಸಮೀಪವಾಗಿತ್ತು! ಕೊನೆಗೆ ಲೂಯಿ ಪಾಸ್ತರರ ಪ್ರಯೋಗಗಳೂ ೧೮೭೬ರಲ್ಲಿ ಬೀರಿನ ವಿಚಾರವಾಗಿ ಅವರು ಬರೆದ ಗ್ರಂಥವೂ ಈ ಚರ್ಚೆಯನ್ನು ತೀರಿಸಿದವು.

ಈಗ ಕಷ್ಟವಿರುವುದೆಲ್ಲಿ ಎಂಬುದನ್ನು ನೋಡೋಣ. ಆರಿದ ಸಿಹಿಗಷಾಯವು ಯೀಸ್ಟಿಗೆ ಮಾತ್ರವಲ್ಲ, ಗಾಳಿಯಲ್ಲಿಯೂ ಪಾತ್ರೆಯ ಸಂದಿಗಳಲ್ಲಿಯೂ ಇರುವ ನೂರಾರು ಬಗೆಯ ಜೀವಿಗಳಿಗೂ ಮೃಷ್ಟಾನ್ನ. ಮೊದಲು ಬಂದು ಎಲೆ ಹಾಕಿಕೊಂಡವರದೇ ಊಟ. ಯೀಸ್ಟು ಹೇರಳವಾಗಿ ಹೋಗಿ ಬೇಗನೆ ಕೆಲಸಕ್ಕೆ ತೊಡಗಿದರೆ, ಅದು ಬಿಡುವ ಮದ್ಯಸಾರವೂ ಹುಳಿಯೂ ಮಿಕ್ಕವರನ್ನು ಹೊರಗೆ ನಿಲ್ಲಿಸುತ್ತವೆ. ಅದು ಕಡಿಮೆಯಾಗಿದ್ದರೆ ಒಂದು ದಿನ, ಒಂದೂವರೆ ದಿನ ಮಂಕಾಗಿ ಕುಳಿತು, ತನ್ನ ಸಂತಾನವನ್ನು ಬೆಳೆಸಿಕೊಳ್ಳುವಷ್ಟರಲ್ಲಿ ಬೇರೆಯವರು ಸೇರಿಕೊಳ್ಳುತ್ತಾರೆ. ಅವಸರದಲ್ಲಿ ಬೆಳೆದ ಯೀಸ್ಟು ತಾನೂ ಕೆಟ್ಟ ವಾಸನೆಗಳನ್ನು ಬಿಡುತ್ತದೆ.

ಎಷ್ಟಿದ್ದರೆ ಹೇರಳವೆಂಬುದಕ್ಕೆ ಬೀರಿನವರಲ್ಲಿ ಒಂದು ಲೆಕ್ಕವುಂಟು. ಸಾಧಾರಣವಾದ ಏಲ್ ಬೀರಿಗೆ, ಪ್ರತಿಯೊಂದು ಮಿಲಿಲೀಟರಿಗೆ, ಕಷಾಯದಲ್ಲಿರುವ ನೂರಕ್ಕೊಂದು ಪಾಲು ಸಕ್ಕರೆಗೆ ಏಳೂವರೆ ಲಕ್ಷ ಜೀವಕೋಶಗಳು ಬೇಕು. ತಂಪಿನಲ್ಲಿ ಹುದುಗುವ ಲಾಗರ್ ಬೀರಿಗೆ ಇದರ ಇಮ್ಮಡಿ. ನೂರಕ್ಕೆ ೧೨ ಪಾಲು ಸಕ್ಕರೆಯುಳ್ಳ ೨೦ ಲೀಟರು ಕಷಾಯಕ್ಕೆ ಇದು ಒಟ್ಟು ೧೮,೦೦೦ ಕೋಟಿಯಾಗುವುದು. ಅಂಗಡಿಯಲ್ಲಿ ಸಿಕ್ಕುವ ದ್ರವರೂಪದ ಯೀಸ್ಟಿನ ಪೊಟ್ಟಣದಲ್ಲಿ ಹೊಸದಾಗಿದ್ದಾಗ ಸುಮಾರು ೧೦,೦೦೦ ಕೋಟಿ ಇರುತ್ತವೆ. ತಂಪಿನಲ್ಲಿಟ್ಟರೂ ತಿಂಗಳಿಗೆ ಐದರಲ್ಲೊಂದು ಪಾಲು ಸಾಯುವುದೆಂಬುದು ರೂಢಿಯ ಎಣಿಕೆ. ಮೂರು ತಿಂಗಳ ಪೊಟ್ಟಣದಲ್ಲಿ ಅರ್ಧ ಉಳಿದರೆ ಪುಣ್ಯ. ಆದಕಾರಣ ಬೆಳೆಸಿಕೊಳ್ಳದೆ ಗತಿಯಿಲ್ಲ. ಒಣಗಿಸಿದ ಪುಡಿಯ ಯೀಸ್ಟಿನ ಮಾತು ಬೇರೆ. ಅದನ್ನು ಕಾರ್ಖಾನೆಯಲ್ಲಿಯೇ ಚೆನ್ನಾಗಿ ಉಣಿಸಿ, ಬುತ್ತಿ ಕಟ್ಟಿ ಕಳುಹಿಸಿರುತ್ತಾರೆ. ೧೧ ಗ್ರಾಮಿನ ಒಂದು ಪೊಟ್ಟಣವೇ ಸಾಧಾರಣ ಏಲಿಗೆ ಸಾಕು. ಅದಕ್ಕೆ ಹೆಪ್ಪು ಮಾಡಲು ಹೋಗುವುದು, ನಮ್ಮ ಅಭಿಪ್ರಾಯದಲ್ಲಿ, ಉಂಡವನಿಗೆ ಮತ್ತೆ ಎಲೆ ಹಾಕಿದಂತೆ.

ಹೆಪ್ಪಿನ ಪಾಕವು ಸುಲಭವಾದುದು. ಬಾರ್ಲಿಯ ಕಷಾಯವನ್ನು ಒಣಗಿಸಿ ಪುಡಿಮಾಡಿದ ಮಾಲ್ಟಿನ ಸತ್ತ್ವವು ಆ ದೇಶಗಳಲ್ಲಿ ಮಾರಾಟಕ್ಕಿದೆ. ಒಂದು ಲೀಟರಿಗೆ ೧೦೦ ಗ್ರಾಮಿನ ಲೆಕ್ಕದಲ್ಲಿ ಅದನ್ನು ನೀರಿಗೆ ಹಾಕಿ ಕಾಲು ಗಂಟೆ ಕುದಿಯಿಸುತ್ತಾರೆ. ಹೈಡ್ರೋಮೀಟರಿನಲ್ಲಿ ಅಳೆದರೆ ಇದರ ಸಾಂದ್ರತೆ ೧.೦೩೬ರಿಂದ ೧.೦೪೦ರ ಒಳಗೆ ಇರತಕ್ಕದ್ದು. ಹೆಚ್ಚು ಸಿಹಿಯಾದರೆ ಹೆಚ್ಚು ಬೆಳೆಯುವುದೆಂಬ ಭ್ರಾಂತಿ ಬೇಡ. ಹಸಿದು ಬಳಲಿದವನಿಗೆ ಮೊದಲು ಗಂಜಿಯನ್ನು ಕೊಡುವಂತೆ ಇಲ್ಲಿಯೂ ತೆಳುವಾದ ಆಹಾರವೇ ಹಿತ. ಮಾಲ್ಟಿಗೆ ಬದಲು ಅಗ್ಗವಾದ ಸಕ್ಕರೆಯನ್ನು ಹಾಕುವವರುಂಟು, ಅದು ಸಲ್ಲದು. ಸಕ್ಕರೆಯಲ್ಲಿ ಯೀಸ್ಟಿಗೆ ಬೇಕಾದ ಸಾರಜನಕವಿಲ್ಲ. ಅಲ್ಲದೆ ಬರಿಯ ಸಕ್ಕರೆಯ ಮೇಲೆ ಬೆಳೆದ ಯೀಸ್ಟು ಬಾರ್ಲಿಯ ಮಾಲ್ಟೋಸನ್ನು ಅರಗಿಸುವ ಕಸುಬಿನಲ್ಲಿ ಸೋಮಾರಿಯಾಗುವುದು. ಹಾಪ್ಸ್ ಹೂವೂ ಇಲ್ಲಿ ಬೇಕಾಗಿಲ್ಲ.

ಕುದಿಯುವಾಗ ಮಾಲ್ಟು ಹಾಲಿನಂತೆಯೇ, ಹಾಲಿಗಿಂತಲೂ ಕಪಟವಾಗಿ, ಉಕ್ಕುವುದು. ಇಕ್ಕಟ್ಟಾದ ಕಂಠದ ಗಾಜಿನ ಕೂಜೆಯಲ್ಲಿ ನೇರವಾಗಿ ಕುದಿಯಿಸುವವರು ಒಲೆಯಿಂದ ಕಣ್ಣು ತೆಗೆಯಬಾರದು. ಶಾಖವನ್ನು ತಡೆಯುವ ಬೋರೋಸಿಲಿಕೇಟು ಗಾಜಲ್ಲದೆ ಸಾಮಾನ್ಯ ಗಾಜಿನ ಪಾತ್ರೆಯನ್ನು ಒಲೆಯ ಮೇಲಿಡುವುದಾಗಲಿ, ಬಿಸಿಯಾಗಿರುವಾಗ ತಣ್ಣೀರಿನಲ್ಲಿಡುವುದಾಗಲಿ ಅಪಾಯಕರ. ಕುದಿದ ಕಷಾಯವನ್ನು ಮುಚ್ಚಿ ೨೦ರಿಂದ ೨೨ ಸೆಂಟಿಗ್ರೇಡ್ ಡಿಗ್ರಿಗೆ ಆರಿಸಿದ ಮೇಲೆ ಯೀಸ್ಟನ್ನು ಹಾಕಬೇಕು. ಆ ಹೊತ್ತಿನಿಂದ ಮುಂದಕ್ಕೆ ಅದನ್ನು ಮುಟ್ಟುವ ಪ್ರತಿಯೊಂದು ವಸ್ತುವೂ ಮಡಿಯಾಗಿರಬೇಕು. ಮಡಿಯೆಂದರೆ ಇಲ್ಲಿ ತೊಳೆದದ್ದು ಮಾತ್ರವಲ್ಲ, ಕುದಿನೀರಿನಿಂದಲೋ ತಕ್ಕ ದ್ರಾವಣದಿಂದಲೋ ಜೀವಾಣುಗಳನ್ನು ಕಳೆದದ್ದು. ಪಾತ್ರೆಯ ಬಾಯಿಗೆ ಬಿರಡೆ ಹಾಕದೆ, ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಟೊಪ್ಪಿಗೆಯಂತೆ ಇಡುತ್ತಾರೆ. ಧೂಳು ಮೇಲಿನಿಂದ ಬೀಳುವುದೇ ಹೊರತು ಕೆಳಗಿನಿಂದ ಹತ್ತುವುದಿಲ್ಲ. ಗಾಳಿಯಾದರೋ ಸಂದಿನಲ್ಲಿ ಆಡುತ್ತಿರಬೇಕು. ಏಕೆಂದರೆ ಮರಿಗಳ ಮೈಪೊರೆಯನ್ನು ಕಟ್ಟುವುದಕ್ಕೆ ಯೀಸ್ಟಿಗೆ ಆಮ್ಲಜನಕ ಅವಶ್ಯಕ. ಕೆಲವರು ಆಯಸ್ಕಾಂತದಿಂದ ಕಷಾಯವನ್ನು ಎಡೆಬಿಡದೆ ತಿರುಗಿಸುವ ಯಂತ್ರವನ್ನು ಇಟ್ಟುಕೊಳ್ಳುತ್ತಾರೆ. ಇಲ್ಲದವರು ಹೋಗುತ್ತ ಬರುತ್ತ ಪಾತ್ರೆಯನ್ನು ಒಮ್ಮೆ ಕುಲುಕಿದರೂ ಕೆಲಸ ನಡೆಯುವುದು. ಎರಡು ಲೀಟರಿನ ಇಂತಹ ಹೆಪ್ಪಿನಲ್ಲಿ ಹೊಸ ಪೊಟ್ಟಣದ ಯೀಸ್ಟು ಒಂದೆರಡು ದಿನಗಳಲ್ಲಿ ಸುಮಾರು ಇಮ್ಮಡಿಯಾಗುವುದು.

ಇನ್ನು ಪರೀಕ್ಷೆಯ ವಿಷಯ. ಹೊಸಬರು ಎಡವುವುದು ಇಲ್ಲಿಯೇ. ಬೀರಿನ ಹೆಪ್ಪೆಂದರೆ ನೊರೆಯೇಳಬೇಕೆಂದು ಅವರು ತಿಳಿದಿರುತ್ತಾರೆ. ನೊರೆ ಕಾಣದಿದ್ದರೆ ಯೀಸ್ಟು ಸತ್ತಿತೆಂದು ಕೈಬಿಡುತ್ತಾರೆ, ಕಂಡರೆ ಎಲ್ಲವೂ ಕ್ಷೇಮವೆಂದು ಸಂತೋಷಪಡುತ್ತಾರೆ. ನೊರೆಯಷ್ಟು ನಂಬಲಾಗದ ಸಾಕ್ಷಿ ಮತ್ತೊಂದಿಲ್ಲ. ಯಂತ್ರದಿಂದ ತಿರುಗಿಸುತ್ತಿರುವ ಪಾತ್ರೆಯಲ್ಲಿ ಅದು ನಿಲ್ಲುವುದೇ ಇಲ್ಲ. ತಿರುಗಿಸದ ಪಾತ್ರೆಯಲ್ಲಿಯೂ ಹುರುಪಾದ ಯೀಸ್ಟು ರಾತ್ರಿ ಮನೆಯವರು ಮಲಗಿರುವಾಗಲೇ ಎದ್ದು, ನೊರೆಯುಕ್ಕಿಸಿ, ಉಂಡು ಮುಗಿಸಿ, ಬೆಳಗಾಗುವಷ್ಟರಲ್ಲಿ ತಳಕ್ಕಿಳಿದಿರಬಹುದು. ಮತ್ತೊಂದು ಕಡೆ, ದಾರಿಯ ಮೇಲಿಂದ ಬಂದು ಸೇರಿದ ಕಾಡುಯೀಸ್ಟೂ ನೊರೆಯನ್ನೆಬ್ಬಿಸುವುದು. ಅದರ ನೊರೆಯ ಮೇಲೆ ಹೆಸರೇನೂ ಬರೆದಿರುವುದಿಲ್ಲ.

ಕಣ್ಣಿಗೆ ಕಾಣುವ ಗುರುತುಗಳಲ್ಲಿ ಬಣ್ಣವು ನೊರೆಗಿಂತ ಮೇಲು. ಯೀಸ್ಟನ್ನು ಹಾಕುವ ಮೊದಲು ಕಷಾಯವು ತಿಳಿಯಾದ ಚಹದಂತಿರುವುದು. ಹನ್ನೆರಡರಿಂದ ಹದಿನೆಂಟು ಗಂಟೆಗಳೊಳಗೆ ಅದು ಹಾಲು ಬೆರೆಸಿದ ಚಹದಂತೆ ಬಗ್ಗಡವಾದರೆ, ಸಂಖ್ಯೆ ಬೆಳೆಯಿತೆಂದು ಅರ್ಥ. ಪಾತ್ರೆಯನ್ನು ಮೆಲ್ಲನೆ ತಿರುವಿದಾಗ ಸೂಜಿಮೊನೆಯಂತಹ ಗುಳ್ಳೆಗಳು ಒಮ್ಮೆಗೇ ಮೇಲಕ್ಕೆ ನುಗ್ಗಿದರೆ ಅದೂ ಶುಭಸೂಚನೆ. ಬಳಿಕ ಶೀತಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟರೆ ಯೀಸ್ಟೆಲ್ಲವೂ ತಳದಲ್ಲಿ ಕೂರುವುದು. ಹಾಕಿದುದಕ್ಕಿಂತ ಕಣ್ಣಿಗೆ ಹೊಡೆಯುವಷ್ಟು ದಪ್ಪವಾಗಿ, ಕೆನೆಯ ಬಣ್ಣದ ನಯವಾದ ಪದರವು ಕುಳಿತಿದ್ದರೆ ಹೆಪ್ಪು ಬೆಳೆದಿದೆ. ಕಂದು ಬಣ್ಣದ ಹರಳು ಹರಳಾದ ಗಷ್ಟಿದ್ದರೆ ಅದು ಕಷಾಯದ ಗಸಿ. ಅದನ್ನು ಯೀಸ್ಟೆಂದು ಲೆಕ್ಕಕ್ಕೆ ಹಿಡಿಯಬಾರದು. ಮೇಲೆ ಒಣಗಿದ ಗಂಜಿಯ ಕೆನೆಯಂತೆ ಸುಕ್ಕುಸುಕ್ಕಾದ ಪೊರೆ ಕಟ್ಟಿದ್ದರೆ ಅನ್ಯರು ಮನೆಯೊಳಕ್ಕೆ ಬಂದಾಯಿತು. ಅಂತಹ ಹೆಪ್ಪನ್ನು ಚೆಲ್ಲತಕ್ಕದ್ದೇ.

ಮೂಗಿನ ಸಾಕ್ಷಿ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನಾವು ಎಣಿಸುತ್ತೇವೆ. ಒಳ್ಳೆಯ ಹೆಪ್ಪು ಹೊಸ ರೊಟ್ಟಿಯ ವಾಸನೆಯನ್ನೂ, ಸ್ವಲ್ಪ ಸೇಬಿನ ವಾಸನೆಯನ್ನೂ ಬೀರುವುದು. ಕಾಡಿಯ ಘಾಟು, ಹುಳಿಹಾಲಿನ ವಾಸನೆ, ಉಗುರುಬಣ್ಣವನ್ನು ತೆಗೆಯುವ ದ್ರವದ ವಾಸನೆ, ಔಷಧಾಲಯದ ವಾಸನೆ, ಇವು ಅಪಶಕುನಗಳು. ಆದರೆ ಇಲ್ಲಿ ಯೀಸ್ಟಿನ ಕುಲವನ್ನು ತಿಳಿದಿರಬೇಕು. ಜರ್ಮನಿಯ ಗೋಧಿ ಬೀರಿನ ಯೀಸ್ಟು ಲವಂಗದ, ಬಾಳೆಯಹಣ್ಣಿನ ವಾಸನೆಯನ್ನು ಬಿಡುವುದು ಸಹಜ. ಅದೇ ಲವಂಗದ ವಾಸನೆ ಇಂಗ್ಲಿಷ್ ಏಲಿನ ಯೀಸ್ಟಿನಲ್ಲಿ ಬಂದರೆ ಕಳ್ಳನು ಒಳಗೆ ಇದ್ದಾನೆಂದು ತಿಳಿಯಬೇಕು. ಲಾಗರಿನ ಯೀಸ್ಟು ಕೊಳೆತ ಮೊಟ್ಟೆಯಂತೆ ನಾರಿದರೂ ಅದಕ್ಕೆ ಹೆದರಬೇಕಾಗಿಲ್ಲ. ಆ ಗಂಧಕದ ವಾಸನೆ ಮುಂದೆ ತಾನಾಗಿ ಆರಿಹೋಗುವುದು. ಕೆಲವು ಇಂಗ್ಲಿಷ್ ಯೀಸ್ಟುಗಳು ಒಡೆದ ಹಾಲಿನಂತೆ ಗಂಟುಗಂಟಾಗಿ ಕಾಣುವುವು. ಅದು ರೋಗವಲ್ಲ, ಅವುಗಳ ಜಾತಿಗುಣ. ಇನ್ನು ನಾಲಗೆಯ ಮಾತು. ಮೇಲಿನ ತಿಳಿಯನ್ನು ಒಂದು ಚಮಚ ರುಚಿನೋಡುವ ರೂಢಿಯುಂಟು. ಅದು ಸಪ್ಪೆಯಾಗಿ, ಹಳಸಿದ ಬೀರಿನಂತೆ ಇದ್ದರೆ ನಿರಾಶರಾಗಬಾರದು. ಅಷ್ಟು ಗಾಳಿ ಕುಡಿಯಿಸಿದ ಕಷಾಯದಲ್ಲಿ ಸೊಗಸಾದ ಬೀರು ಆಗುವುದಿಲ್ಲ. ಅಲ್ಲಿ ಹುಡುಕಬೇಕಾದುದು ಹುಳಿಯೊಂದನ್ನೇ. ತಿಳಿಯ ಸಾಂದ್ರತೆಯನ್ನು ಅಳೆದು, ೧.೦೩೮ ಇದ್ದುದು ೧.೦೧೦ರ ಸುಮಾರಿಗೆ ಇಳಿದಿದ್ದರೆ ಊಟವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ.

ಉಂಡವರು ಯಾರು ಎಂಬುದಕ್ಕೆ ಮಾತ್ರ ಅಳತೆ ಉತ್ತರ ಹೇಳುವುದಿಲ್ಲ. ಇದಕ್ಕಾಗಿ ಕೆಲವರು ಮಾಡುವ ಒಂದು ಉಪಾಯ ನಮಗೆ ಬಹಳ ಮೆಚ್ಚುಗೆಯಾಯಿತು. ಹೆಪ್ಪಿಗಾಗಿ ಕುದಿಯಿಸಿದ ಕಷಾಯದಲ್ಲಿಯೇ ಸ್ವಲ್ಪವನ್ನು ಇನ್ನೊಂದು ಮಡಿಯಾದ ಸೀಸೆಗೆ ಹಾಕಿ, ಅದಕ್ಕೆ ಯೀಸ್ಟನ್ನು ಬೆರೆಸದೆ, ಬೆಚ್ಚಗಿನ ಕಡೆಯಲ್ಲಿ ಪಕ್ಕದಲ್ಲಿಯೇ ಇಡುತ್ತಾರೆ. ಮೂರು ದಿನಗಳವರೆಗೂ ಈ ಸಾಕ್ಷಿಯ ಸೀಸೆ ತಿಳಿಯಾಗಿದ್ದರೆ ಕಷಾಯವೂ ಕೈಯೂ ಶುದ್ಧ. ಯೀಸ್ಟಿಲ್ಲದ ಸೀಸೆಯೂ ಬಗ್ಗಡವಾಗಿ ಗುಳ್ಳೆಯೆದ್ದರೆ, ಪಕ್ಕದ ಪಾತ್ರೆಯಲ್ಲಿ ಬೆಳೆದುದು ತಮ್ಮ ಯೀಸ್ಟೇ ಎಂದು ಯಾವ ಧೈರ್ಯದಿಂದ ಹೇಳಬಹುದು?

ಕಣ್ಣು ಮೂಗುಗಳ ಪರೀಕ್ಷೆಗೂ ಒಂದು ಮಿತಿಯುಂಟೆಂಬುದಕ್ಕೆ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ನಡೆದ ಸಂಗತಿಯೇ ನಿದರ್ಶನ. ಅಲ್ಲಿನ ಯಾಕೊಬ್ ಕ್ರಿಶ್ಚಿಯನ್ ಯಾಕೊಬ್ಸನ್ ಎಂಬ ಬೀರಿನ ಉದ್ಯಮಿಯು ೧೮೪೫ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಸ್ಪಾಟೆನ್ ಬೀರಿನ ಮನೆಯಿಂದ ಲಾಗರಿನ ಯೀಸ್ಟನ್ನು ತಂದನು. ಕುದುರೆಯ ಗಾಡಿಯ ಆ ದೀರ್ಘ ಪ್ರಯಾಣದಲ್ಲಿ, ಗಾಡಿ ನಿಂತಲ್ಲೆಲ್ಲ ಇಳಿದು, ಯೀಸ್ಟಿನ ತಗಡಿನ ಡಬ್ಬಿಗಳ ಮೇಲೆ ತಣ್ಣೀರನ್ನು ಸುರಿದು ಅದರ ಜೀವವನ್ನು ಉಳಿಸಿದನೆಂದು ಹೇಳುತ್ತಾರೆ. ೧೮೪೭ರಲ್ಲಿ ಆತನು ಊರ ಹೊರಗಿನ ಒಂದು ದಿಣ್ಣೆಯ ಮೇಲೆ ಹೊಸ ಕಾರ್ಖಾನೆಯನ್ನು ತೆರೆದು, ಮಗನಾದ ಕಾರ್ಲನ ಹೆಸರಿಗೆ ಬೆಟ್ಟವೆಂಬರ್ಥದ ಮಾತನ್ನು ಸೇರಿಸಿ ಕಾರ್ಲ್ಸ್‌ಬರ್ಗ್ ಎಂದು ಕರೆದನು. ೧೮೭೫ರಲ್ಲಿ ಅಲ್ಲಿಯೇ ಒಂದು ವಿಜ್ಞಾನಶಾಲೆಯನ್ನೂ ಸ್ಥಾಪಿಸಿದನು. ನಮ್ಮ ಹೈಸ್ಕೂಲಿನ ಮಕ್ಕಳು ಹುಳಿಯನ್ನೂ ಕ್ಷಾರವನ್ನೂ ಅಳೆಯುವ ಪಿಎಚ್ ಎಂಬ ಅಳತೆ ೧೯೦೯ರಲ್ಲಿ ಹುಟ್ಟಿದುದು ಆ ಶಾಲೆಯಲ್ಲಿಯೇ.

ಇಷ್ಟು ಜಾಗರೂಕನಾದವನ ಮನೆಗೂ ೧೮೮೩ರಲ್ಲಿ ಕಷ್ಟ ಬಂದಿತು. ಬೀರಿನಲ್ಲಿ ಕೆಟ್ಟ ವಾಸನೆ, ಹಿತವಲ್ಲದ ಕಹಿ. ಪಾಸ್ತರರ ಮತವನ್ನು ನಂಬಿದವರು ಬ್ಯಾಕ್ಟೀರಿಯಗಳನ್ನು ಹುಡುಕಿದರು. ವಿಜ್ಞಾನಶಾಲೆಯ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನನಿಗೆ ಮಾತ್ರ ಬೇರೊಂದು ಸಂದೇಹ ಹುಟ್ಟಿತು. ಶತ್ರುವು ಬೇರೆ ಜಾತಿಯವನಲ್ಲ, ಯೀಸ್ಟಿನ ವೇಷದಲ್ಲಿಯೇ ಇರುವ ಮತ್ತೊಂದು ಯೀಸ್ಟೆಂದು ಆತನ ಊಹೆ. ತೋರಿಕೆಯಲ್ಲಿ ಅದೂ ಒಂದು ಗುಂಡಾದ ಕಣ. ಅದೂ ನೊರೆಯೆಬ್ಬಿಸುವುದು, ಅದೂ ತಳದಲ್ಲಿ ಕೂರುವುದು. ಅದನ್ನು ಬೇರ್ಪಡಿಸುವುದಾದರೂ ಹೇಗೆ? ಹ್ಯಾನ್ಸನನು ಯೀಸ್ಟನ್ನು ನೀರಿನಲ್ಲಿ ಬೆರೆಸಿ, ಒಂದು ಹನಿಯಲ್ಲಿ ಎಷ್ಟು ಕಣಗಳಿವೆಯೆಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದನು. ಬಳಿಕ ಎರಡು ಸೀಸೆಗಳಿಗೆ ಒಂದು ಕಣದಂತೆ ಬೀಳುವಷ್ಟು ತೆಳುಮಾಡಿ, ಸಾಲಾಗಿಟ್ಟ ಕಷಾಯದ ಸೀಸೆಗಳಿಗೆ ಹಂಚಿ, ಚೆನ್ನಾಗಿ ಕುಲುಕಿ, ಅಲುಗಾಡದಂತೆ ಇಟ್ಟನು. ಕೆಲವು ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲ. ಕೆಲವುಗಳಲ್ಲಿ ಎರಡು ಮೂರು ಕಡೆ ಬಿಳಿಯ ಚುಕ್ಕೆಗಳೆದ್ದುವು. ಎಲ್ಲಿ ಒಂದೇ ಒಂದು ಚುಕ್ಕೆ ಕಂಡಿತೋ ಅಲ್ಲಿರುವುದೆಲ್ಲವೂ ಒಬ್ಬಳೇ ತಾಯಿಯ ಮಕ್ಕಳೆಂದು ಆತನು ನಿರ್ಧರಿಸಿದನು. ಅಂತಹ ಒಂದೊಂದು ಕುಲದಿಂದಲೂ ಬೇರೆ ಬೇರೆಯಾಗಿ ಬೀರನ್ನು ಮಾಡಿನೋಡಿದಾಗ, ಒಂದು ಕುಲ ಒಳ್ಳೆಯ ಬೀರನ್ನೂ ಮತ್ತೊಂದು ಆ ಕೆಟ್ಟ ಕಹಿಯನ್ನೂ ಕೊಟ್ಟುವು. ಒಳ್ಳೆಯದನ್ನು ಚಿಕ್ಕ ಸೀಸೆಯಿಂದ ದೊಡ್ಡ ಸೀಸೆಗೆ, ಅಲ್ಲಿಂದ ತೊಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿ, ೧೮೮೩ನೆಯ ನವೆಂಬರು ೧೨ರಂದು ಕಾರ್ಖಾನೆಯಲ್ಲಿ ಬಳಸಿದರು. ಇಂದು ಮನೆಯಲ್ಲಿ ಹೆಪ್ಪನ್ನು ಹಂತಹಂತವಾಗಿ ಬೆಳೆಸುವವನು ಮಾಡುವುದು ಇದೇ ಕೆಲಸವನ್ನೇ. ಬಾಟಲಿಯ ತಳದಲ್ಲಿ ಉಳಿದ ಯೀಸ್ಟಿನಿಂದ ಹೆಪ್ಪನ್ನು ಎತ್ತುವವನಂತೂ ಮೊದಲು ೫೦ ಮಿಲಿಲೀಟರು, ಆಮೇಲೆ ಅರ್ಧ ಲೀಟರು, ಕೊನೆಗೆ ಎರಡು ಲೀಟರೆಂದು ಏರುತ್ತ ಹೋಗಬೇಕು. ಬೆರಳೆಣಿಕೆಯ ಕಣಗಳನ್ನು ಒಮ್ಮೆಗೇ ಕೊಡದಷ್ಟು ಕಷಾಯಕ್ಕೆ ಬಿಟ್ಟರೆ ಅವು ತುಂಬುವ ಮುಂಚೆ ಅನ್ಯರು ತುಂಬಿಬಿಡುವರು.

ಯಾಕೊಬ್ಸನನು ಈ ಶುದ್ಧ ಯೀಸ್ಟನ್ನು ಗುಟ್ಟಾಗಿಟ್ಟುಕೊಂಡು ಹಣಮಾಡಬಹುದಾಗಿತ್ತು. ಆತನು ಹಾಗೆ ಮಾಡದೆ, ಕೇಳಿದ ಬೀರಿನ ಮನೆಗಳಿಗೆಲ್ಲ ಅದನ್ನು ಕೊಟ್ಟನು. ತಾನು ಮ್ಯೂನಿಕ್ಕಿನಿಂದ ಪಡೆದುದರ ಋಣವನ್ನು ತೀರಿಸಿದನೆಂದು ಇದಕ್ಕೆ ಅರ್ಥ ಮಾಡಬಹುದು. ಆ ಯೀಸ್ಟಿನ ಜನ್ಮವೃತ್ತಾಂತವೂ ಕುತೂಹಲಕರ. ಅದು ಸಾಧಾರಣ ಏಲಿನ ಯೀಸ್ಟಿಗೂ ಮತ್ತೊಂದು ಕಾಡುಯೀಸ್ಟಿಗೂ ಹುಟ್ಟಿದ ಮಿಶ್ರಸಂತಾನ; ಆ ಎರಡನೆಯ ಪೂರ್ವಜನ ಬಳಗವನ್ನು ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡಿನ ಮರಗಳಲ್ಲಿ ಗುರುತಿಸಿದ ವರದಿ ೨೦೧೧ರಲ್ಲಿ ಪ್ರಕಟವಾಯಿತು.

ಡೆನ್ಮಾರ್ಕಿನಿಂದ ಸಮುದ್ರ ದಾಟಿ ಉತ್ತರಕ್ಕೆ ನಡೆದರೆ ನಾರ್ವೆ. ಅಲ್ಲಿನ ಪಶ್ಚಿಮದ ಕಣಿವೆಗಳ ರೈತರ ಮನೆಗಳಲ್ಲಿ ಹ್ಯಾನ್ಸನನ ಶಾಸ್ತ್ರ ಕಾಲಿಡದೆಯೇ ಹೆಪ್ಪು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ವೊಸ್ ಮುಂತಾದ ಕಡೆಗಳಲ್ಲಿ ಇದನ್ನು ಕ್ವೈಕ್ ಎನ್ನುವರು. ಆ ಸೀಮೆಯಲ್ಲಿ ಬೀರು ವಿನೋದದ ಮಾತಾಗಿರಲಿಲ್ಲ. ಮಧ್ಯಯುಗದ ಗುಲಾಟಿಂಗ್ ಶಾಸನದ ಪ್ರಕಾರ ಕ್ರಿಸ್ಮಸ್ಸಿಗೆ ಪ್ರತಿಯೊಬ್ಬ ಗ್ರಾಮಸ್ಥನೂ ಬೀರನ್ನು ಮಾಡಲೇಬೇಕು, ತಪ್ಪಿದವನಿಗೆ ದಂಡ, ಮೂರು ವರ್ಷ ಎಡೆಬಿಡದೆ ತಪ್ಪಿದವನ ಆಸ್ತಿಯೇ ಹೋಗುವುದು. ಹೆಪ್ಪು ಕೆಟ್ಟರೆ ಮನೆಯೇ ಕೆಟ್ಟಿತೆಂಬ ಕಾಲವದು! ಅವರು ಹುದುಗು ಮುಗಿದ ಮೇಲೆ ಯೀಸ್ಟನ್ನು ಎತ್ತಿ, ಬಟ್ಟೆಯ ಮೇಲೋ, ತೂತುಗಳನ್ನು ಕೊರೆದ ಮರದ ತುಂಡಿನ ಮೇಲೋ, ಹುಲ್ಲಿನಿಂದ ಹೆಣೆದ ಬಳೆಯ ಮೇಲೋ ಬಳಿದು ಒಣಗಿಸಿ, ಮುಂದಿನ ಹಬ್ಬದವರೆಗೆ ತೂಗುಹಾಕುತ್ತಿದ್ದರು. ಹಬ್ಬ ಹತ್ತಿರ ಬಂದಾಗ ಒಂದು ಚೂರನ್ನು ಬೆಚ್ಚಗಿನ ಸಿಹಿಗಷಾಯಕ್ಕೆ ಹಾಕಿ ಎಚ್ಚರಗೊಳಿಸುವುದು. ಎದ್ದರೆ ಸರಿ, ಏಳದಿದ್ದರೆ ಅಥವಾ ವಾಸನೆ ಸರಿಯಿಲ್ಲದಿದ್ದರೆ ನೆರೆಮನೆಗೆ ಹೋಗಿ ಕೇಳಿ ತರುವುದು. ನಮ್ಮಲ್ಲಿ ಹೆಪ್ಪಿಗಾಗಿ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವಂತೆಯೇ ಇದು. ಯೀಸ್ಟನ್ನು ದೊಡ್ಡ ಪಾತ್ರೆಗೆ ಹಾಕುವಾಗ ದೆವ್ವಗಳು ಹೆದರುವಂತೆ ಗಟ್ಟಿಯಾಗಿ ಕೂಗುವ ವಾಡಿಕೆಯೂ ಕೆಲವೆಡೆ ಇದ್ದಿತು. ಈ ಕ್ವೈಕಿನಲ್ಲಿ ಒಂದೇ ಕುಲವಲ್ಲ, ಹಲವು ಕುಲಗಳು ಒಟ್ಟಿಗೆ ಬಾಳುತ್ತವೆ. ಮಿಕ್ಕ ಏಲಿನ ಯೀಸ್ಟುಗಳು ೨೦ ಡಿಗ್ರಿಯಲ್ಲಿ ಕೆಲಸ ಮಾಡಿದರೆ, ಇದು ೪೦ರ ಸಮೀಪದ ಶಾಖದಲ್ಲಿಯೂ ಕೆಟ್ಟ ವಾಸನೆಯಿಲ್ಲದೆ ಎರಡು ಮೂರು ದಿನಗಳಲ್ಲಿ ಕೆಲಸವನ್ನು ಮುಗಿಸುವುದು. ೨೦೧೮ರಲ್ಲಿ ಪ್ರಕಟವಾದ ಸಂಶೋಧನೆಯು ಇವನ್ನು ಪಳಗಿಸಿದ ಬೀರಿನ ಯೀಸ್ಟುಗಳಲ್ಲಿಯೇ ಒಂದು ಪ್ರತ್ಯೇಕ ಮನೆತನವೆಂದು ತೋರಿಸಿತು.

ಒಬ್ಬನದು ಸೂಕ್ಷ್ಮದರ್ಶಕ, ಇನ್ನೊಬ್ಬನದು ಮೂಗು ಮತ್ತು ನೆರೆಮನೆ. ಇಂದಿನ ಮನೆಯ ಬೀರುಗಾರನಿಗೆ ಎರಡೂ ಒದಗುವಂತಿದೆ. ಒಂದು ಸಾಧಾರಣ ಸೂಕ್ಷ್ಮದರ್ಶಕವೂ, ರಕ್ತಕಣಗಳನ್ನು ಎಣಿಸಲು ವೈದ್ಯರು ಬಳಸುವ ಗೆರೆಗಾಜೂ, ಮೆಥಿಲೀನ್ ಬ್ಲೂ ಎಂಬ ಬಣ್ಣವೂ ಇದ್ದರೆ ಬದುಕಿರುವವರ ಜನಗಣತಿಯನ್ನೇ ಮಾಡಬಹುದು. ಜೀವವುಳ್ಳ ಕಣವು ಆ ಬಣ್ಣವನ್ನು ತನ್ನೊಳಗೆ ನಿರ್ವರ್ಣ ಮಾಡಿಬಿಡುವುದು. ಸತ್ತ ಕಣವು ನೀಲಿಯಾಗಿ ನಿಲ್ಲುವುದು. ನೂರರಲ್ಲಿ ತೊಂಬತ್ತೈದು ಬಿಳಿಯಾಗಿ ಕಂಡರೆ ಹೆಪ್ಪು ಉತ್ತಮ. ನಾಲ್ಕರಲ್ಲೊಂದು ನೀಲಿಯಾದರೆ ಮತ್ತೊಮ್ಮೆ ಉಣಿಸಿ ಬೆಳೆಸಬೇಕು. ಆದರೆ ಕಾಡುಯೀಸ್ಟೂ ಜೀವವುಳ್ಳದ್ದಾದುದರಿಂದ ಅದೂ ಬಿಳಿಯಾಗಿಯೇ ಕಾಣುವುದೆಂಬುದನ್ನು ಮರೆಯಬಾರದು. ಬಣ್ಣವು ಬದುಕನ್ನು ಹೇಳುವುದು, ಗುಣವನ್ನಲ್ಲ. ಗುಣಕ್ಕೆ ಮತ್ತೆ ಮೂಗೂ ಸಾಕ್ಷಿಯ ಸೀಸೆಯೂ ಬೇಕು.

ಪರೀಕ್ಷೆಯೆಲ್ಲ ಮುಗಿದು ಸಂದೇಹ ಉಳಿದರೆ ಏನು ಮಾಡತಕ್ಕದ್ದು? ಈ ವಿಷಯದಲ್ಲಿ ಬೀರುಗಾರರಲ್ಲಿ ಎರಡು ಪಕ್ಷಗಳಿವೆ. ಹಾಕಿ ನೋಡೋಣವೆನ್ನುವವರು ಕೆಲವರು. ನಾವು ಇನ್ನೊಂದು ಪಕ್ಷದವರು. ಚೆಲ್ಲಿದರೆ ಹೋಗುವುದು ೨೦೦ ಗ್ರಾಮು ಮಾಲ್ಟು, ಎರಡು ದಿನಗಳ ಕಾಲ. ಹಾಕಿದರೆ ಹೋಗಬಹುದಾದುದು ೨೦ ಲೀಟರು, ಒಂದು ತಿಂಗಳು. ಅದಕ್ಕಾಗಿಯೇ ವಿವೇಕಿಗಳು ಹೆಪ್ಪು ಸರಿಯೆಂದು ತಿಳಿಯುವವರೆಗೆ ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸುವುದೇ ಇಲ್ಲ, ಮತ್ತು ಒಣ ಯೀಸ್ಟಿನ ಒಂದು ಪೊಟ್ಟಣವನ್ನು ಆಪತ್ತಿಗೆಂದು ತಂಪಿನಲ್ಲಿ ಇಟ್ಟೇ ಇರುತ್ತಾರೆ. ಹೆಪ್ಪು ಸರಿಯಾಗಿದ್ದರೆ ಮೇಲಿನ ತಿಳಿಯನ್ನು ಬಸಿದು, ತಳದ ಕೆನೆಯನ್ನು ಕದಡಿ, ಕಷಾಯದ ಶಾಖಕ್ಕೆ ಮೆಲ್ಲಮೆಲ್ಲನೆ ತಂದು ಒಪ್ಪಿಸುವುದು. ಹಾಗೆ ಒಪ್ಪಿಸುವ ಮೊದಲು ಎರಡು ಚಮಚದಷ್ಟನ್ನು ಮಡಿಯಾದ ಸೀಸೆಗೆ ತೆಗೆದು, ಕುಲದ ಹೆಸರನ್ನೂ ದಿನಾಂಕವನ್ನೂ ಬರೆದು ಅಂಟಿಸಿ, ಶೀತಪೆಟ್ಟಿಗೆಯ ಹಿಂಬದಿಯಲ್ಲಿ ಇಟ್ಟರೆ ಮುಂದಿನ ತಿಂಗಳ ಹೆಪ್ಪಿಗೆ ಅದೇ ಬೀಜ. ಸೀಸೆಯ ಮುಚ್ಚಳವನ್ನು ಮಾತ್ರ ಬಿಗಿಯಾಗಿ ತಿರುಪಬಾರದು. ಒಳಗಿರುವವರು ಇನ್ನೂ ಉಸಿರಾಡುತ್ತಿರುತ್ತಾರೆ, ವಾಯು ತುಂಬಿದರೆ ಗಾಜು ಸಿಡಿಯುವುದು.